ಸಿಂಧನೂರಿನಿಂದ ಐದು ಜನ ಗೆಳೆಯರು ಶ್ರೀಲಂಕಾಕ್ಕೆ: ಊಟ, ಖರೀದಿ, ಮನೆಯವರ ಉಪಚಾರ

ಸಿಂಧನೂರಿನಿಂದ ಐದು ಜನ ಏಳು ದಿನಕ್ಕೆ ಶ್ರೀಲಂಕಾಕ್ಕೆ ಹೊರಟಿದ್ದೀರಿ, ಅದರಲ್ಲಿ ಇಬ್ಬರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಎರಡು ರಾತ್ರಿ ಹೋಮ್‌ಸ್ಟೇಯಲ್ಲಿ ಇರುತ್ತೀರಿ. ಊಟಕ್ಕೆ ತೊಂದರೆ ಆದೀತೇ, ಏನು ಕೊಳ್ಳಬೇಕು, ಮನೆಯವರಿಗೆ ಏನು ಒಯ್ಯಬೇಕು ಎಂದು ಕೇಳಿದ್ದೀರಿ. ಬಳ್ಳಾರಿಯಲ್ಲಿ ಇಂಥ ಗುಂಪುಗಳನ್ನು ಹೊಂದಿಸಿ ಕಳಿಸುವ ಕೆಲಸ ನನ್ನದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಉಪವಾಸ ಬೀಳುವ ದೇಶ ಅಲ್ಲ ಅದು. ಅನ್ನ, ಬೇಳೆ, ಹಲಸಿನಕಾಯಿ, ಬದನೆಕಾಯಿ, ತೆಂಗಿನಹಾಲು, ಮೇಲೆ ನಮ್ಮ ಕಡೆಯವರಿಗೂ ಸಾಕೆನಿಸುವಷ್ಟು ಖಾರ. ತೊಡಕು ಇರುವುದು ಎಲ್ಲವೂ ನಮ್ಮ ಊಟದ ಹಾಗೇ ಕಾಣುತ್ತದೆ ಎಂಬಲ್ಲಿ. ನಮ್ಮದೇ ಚಟ್ನಿ, ನಮ್ಮದೇ ವಡೆ ಅಂದುಕೊಂಡು ಕೇಳದೆ ಬಾಯಿಗಿಟ್ಟರೆ ಮೀನು ಹೊಟ್ಟೆಗೆ ಹೋಗಿರುತ್ತದೆ.

ಆ ಮೀನಿನ ಹೆಸರು ಉಂಬಲಕಡ. ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆ ಹಾಕಿ, ಗಟ್ಟಿಯಾಗುವ ತನಕ ಬಿಸಿಲಿಗೆ ಒಣಗಿಸಿ, ಆಮೇಲೆ ಕುಟ್ಟಿ ಚೂರು ಮಾಡಿ ಇಟ್ಟುಕೊಳ್ಳುತ್ತಾರೆ. ಅಲ್ಲಿನ ಅಡುಗೆಯವರಿಗೆ ಅದು ಮೀನಿಗಿಂತ ಹೆಚ್ಚಾಗಿ ಮಸಾಲೆ. ಅದಕ್ಕೇ ‘ವೆಜ್’ ಅಂದಾಗ ಅವರು ಪ್ರಾಮಾಣಿಕವಾಗಿಯೇ ‘ಹೌದು ವೆಜ್’ ಅನ್ನುತ್ತಾರೆ. ಮೋಸ ಮಾಡಿದರು ಎಂದು ಜಗಳಕ್ಕೆ ಹೋಗಬೇಡಿ. ಪೋಲ್ ಸಂಬೋಲ ಎಂಬ ಕೆಂಪು ತೆಂಗಿನ ಚಟ್ನಿ, ರೊಟ್ಟಿ ಜೊತೆ ಕೊಡುವ ಲುಣು ಮಿರಿಸ್ ಎಂಬ ಈರುಳ್ಳಿ ಖಾರ, ಸಕ್ಕರೆ ಹಾಕಿ ಬಾಡಿಸಿದ ಈರುಳ್ಳಿಯ ಸೀನಿ ಸಂಬೋಲ, ಈ ಮೂರರಲ್ಲೂ ಸಾಮಾನ್ಯವಾಗಿ ಅದು ಇರುತ್ತದೆ. ಒಂದೆಲಗದ ಸೊಪ್ಪಿನ ಸಂಬೋಲದಲ್ಲೂ, ಇಡಿಯಾಪ್ಪದ, ಅಂದರೆ ಅಕ್ಕಿ ಶಾವಿಗೆಯ, ಮೇಲೆ ಸುರಿಯುವ ಹಳದಿ ತೆಂಗಿನಹಾಲಿನ ಸಾರಿನಲ್ಲೂ ಎಷ್ಟೋ ಕಡೆ ಹಾಕುತ್ತಾರೆ. ಕಾಯಿತುರಿಯ ನಡುವೆ ಸಣ್ಣ ಕಂದು ಚೂರು ಕಂಡರೆ ಅದೇ ಅದು. ಕುಟ್ಟಿ ಪುಡಿ ಮಾಡಿ ಹಾಕಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ, ಕೇಳಿಯೇ ತಿಳಿಯಬೇಕು. ಸಿಂಹಳದಲ್ಲಿ ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ: ‘ಉಂಬಲಕಡ ದಾನ್ನ ಎಪಾ’, ಅಂದರೆ ಉಂಬಲಕಡ ಹಾಕಬೇಡಿ, ‘ಬಿತ್ತರ ಎಪಾ’, ಅಂದರೆ ಮೊಟ್ಟೆ ಬೇಡ. ಸಂಬೋಲವನ್ನು ಆಗಲೇ ಕಲಸಿ ಇಟ್ಟಿದ್ದರೆ ಈ ಮಾತಿನಿಂದ ಉಪಯೋಗವಿಲ್ಲ. ಹೋಮ್‌ಸ್ಟೇಯವರಿಗೆ ಹಿಂದಿನ ದಿನವೇ ವಾಟ್ಸಾಪಿನಲ್ಲಿ ತಿಳಿಸಿ, ಹೋಟೆಲಿನಲ್ಲಾದರೆ ಹೊಸದಾಗಿ ಕಲಸಿಕೊಡಲು ಹೇಳಿ. ಐದು ನಿಮಿಷದ ಕೆಲಸ, ಬೇಸರಿಸಿಕೊಳ್ಳುವವರು ಕಡಿಮೆ.

ಇನ್ನು ಕೆಲವು ಕಡೆ ಎಚ್ಚರ ಬೇಕು. ಕೊಲಂಬೊದ ಗಾಲ್ ಫೇಸ್ ಕಡಲ ದಂಡೆಯಲ್ಲಿ ಮಾರುವ ಇಸ್ಸೊ ವಡೆ ಬೇಳೆಯ ವಡೆಯೇ, ಮೇಲೆ ಸಿಗಡಿ ಕೂತಿರುತ್ತದೆ. ಸಿಗಡಿ ಇಲ್ಲದ ವಡೆಯನ್ನೂ ಅದೇ ಎಣ್ಣೆಯಲ್ಲಿ ಕರಿದಿರುತ್ತಾರೆ. ಕೊತ್ತು ರೊಟ್ಟಿಯನ್ನು ಕಾದ ಹಂಚಿನ ಮೇಲೆ ಎರಡು ತಗಡಿನ ಅಲಗಿನಿಂದ ಟಣಟಣ ಬಡಿದು ಚೂರು ಮಾಡುತ್ತಾರೆ. ವೆಜ್ ಕೊತ್ತು ಅಂದರೂ ಮೊಟ್ಟೆ ಒಡೆದು ಹಾಕುವುದು ರೂಢಿ, ಹಂಚು ಎಲ್ಲದಕ್ಕೂ ಒಂದೇ, ಮೇಲೆ ಸುರಿಯುವ ಗ್ರೇವಿ ಕೋಳಿಯದ್ದಾಗಿರಬಹುದು. ಮಡಿವಂತ ಸಸ್ಯಾಹಾರಿಗಳು ಕೊತ್ತು ಬಿಟ್ಟುಬಿಡುವುದು ಲೇಸು. ವಟಲಪ್ಪನ್ ಎಂಬ ಬೆಲ್ಲದ ಸಿಹಿಯಲ್ಲೂ ಮೊಟ್ಟೆ ಇದೆ. ಆ ಇಬ್ಬರಿಗೆ ನಿಶ್ಚಿಂತೆಯ ಜಾಗ ಎಂದರೆ ತಮಿಳರ ‘ಸೈವ’, ಅಂದರೆ ಶುದ್ಧ ಸಸ್ಯಾಹಾರಿ, ಹೋಟೆಲುಗಳು. ಕೊಲಂಬೊದ ವೆಳ್ಳವತ್ತೆ, ಬಂಬಲಪಿಟಿಯ ಕಡೆ ಸಿಗುತ್ತವೆ. ಸಿಹಿ ಬೇಕೆಂದರೆ ಎಮ್ಮೆ ಹಾಲಿನ ಗಟ್ಟಿ ಮೊಸರಿಗೆ ಕಿತುಲ್ ಮರದ, ಅಂದರೆ ಬೈನೆ ಮರದ, ಕಪ್ಪು ಪಾಕ ಹಾಕಿಕೊಂಡು ತಿನ್ನಿ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ್ದನ್ನು ರಸ್ತೆ ಬದಿಯಲ್ಲೇ ಮಾರುತ್ತಾರೆ. ನನ್ನ ಮಟ್ಟಿಗೆ ಆ ದೇಶದಲ್ಲಿ ತಪ್ಪಿಸಿಕೊಳ್ಳಬಾರದ ಒಂದೇ ಒಂದು ತಿನಿಸು ಅದು.

ಹೊತ್ತಿನ ವಿಷಯ. ಅನ್ನ ಮತ್ತು ನಾಲ್ಕೈದು ಪಲ್ಯ-ಸಾರಿನ ಊಟ ಮಧ್ಯಾಹ್ನದ್ದು. ಹನ್ನೆರಡರ ಹೊತ್ತಿಗೆ ಹೋದರೆ ಎಲ್ಲವೂ ಬಿಸಿ, ಎರಡು ದಾಟಿದರೆ ಉಳಿದದ್ದು. ಎಳೆ ಹಲಸಿನ ಪೊಲೊಸ್ ಇದ್ದರೆ ಕೇಳಿ ಹಾಕಿಸಿಕೊಳ್ಳಿ. ರಾತ್ರಿ ಆಪ್ಪ (ಬಟ್ಟಲಿನಾಕಾರದ ಅಕ್ಕಿ ದೋಸೆ), ಇಡಿಯಾಪ್ಪ, ಕೊತ್ತು ಇವೇ ಹೆಚ್ಚು. ಬೇಕರಿಯಲ್ಲಿ ಕೂತರೆ ಕೇಳದೆಯೇ ಒಂದು ತಟ್ಟೆ ತುಂಬ ರೋಲ್, ಕಟ್ಲೆಟ್, ಬನ್ ತಂದಿಡುವುದುಂಟು. ತಿಂದಷ್ಟಕ್ಕೆ ಮಾತ್ರ ಲೆಕ್ಕ. ಒಳಗೆ ಮೀನೇ ಜಾಸ್ತಿ.

ಮನೆಯವರ ಉಪಚಾರದ ಬಗ್ಗೆ. ಹೊಸಿಲಲ್ಲೇ ಚಪ್ಪಲಿ ಬಿಡಿ, ಬಲಗೈಯಲ್ಲಿ ಉಣ್ಣಿ, ಕೊಡುವುದನ್ನು ಎರಡೂ ಕೈಯಲ್ಲಿ ಕೊಡಿ. ಇಷ್ಟು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಂದ ಕೂಡಲೇ ಚಹಾ ಬರುತ್ತದೆ, ಕೆಲವು ಮನೆಗಳಲ್ಲಿ ಹಾಲಿಲ್ಲದ ಚಹಾ ಮತ್ತು ಕಚ್ಚಿಕೊಳ್ಳಲು ಒಂದು ಚೂರು ಬೆಲ್ಲ. ಬೇಡ ಅನ್ನಬೇಡಿ. ಒಯ್ಯಲು ಕೊಪ್ಪಳದ ಕಿನ್ನಾಳದ ಪುಟ್ಟ ಗೊಂಬೆ, ಇಲ್ಲವೇ ಸಂಡೂರಿನ ಲಂಬಾಣಿ ಕಸೂತಿಯ ಚೀಲ ನೋಡಿ. ಎರಡೂ ಹಗುರ, ಎರಡೂ ನಮ್ಮ ನೆಲದವು, ಅಲ್ಲಿ ಸಿಗುವುದಿಲ್ಲ. ಗೊಂಬೆಯ ಬಣ್ಣಕ್ಕೆ ತೇವ ಆಗದು, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಡಿ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಅವರಿಗೆ ನಿಜವಾಗಿ ನೋವು ಕೊಡುತ್ತದೆ. ಯಾರ ಕೈಮೇಲಾದರೂ ಬುದ್ಧನ ಹಚ್ಚೆ ಇದ್ದರೆ ಮುಚ್ಚಿಕೊಂಡೇ ಓಡಾಡಲಿ. 2014ರಲ್ಲಿ ಇದೇ ಕಾರಣಕ್ಕೆ ಬ್ರಿಟನ್ನಿನ ಪ್ರವಾಸಿಯೊಬ್ಬರನ್ನು ವಾಪಸ್ ಕಳಿಸಿದ್ದಾರೆ.

ದಿನಾಂಕ ಇನ್ನೂ ಗೊತ್ತುಮಾಡಿಲ್ಲವಾದರೆ ಕ್ಯಾಲೆಂಡರ್ ನೋಡಿ. ಪ್ರತಿ ಹುಣ್ಣಿಮೆ ಅಲ್ಲಿ ‘ಪೋಯ’, ಸರ್ಕಾರಿ ರಜೆ, ಮದ್ಯ ಮಾರುವುದಿಲ್ಲ. ಏಪ್ರಿಲ್ 13-14ರ ಹೊಸ ವರ್ಷದ ಆಚೀಚೆ ಅಂಗಡಿ, ಹೋಟೆಲು ದಿನಗಟ್ಟಲೆ ಮುಚ್ಚಿರುತ್ತವೆ, ಯಾರಾದರೂ ಮನೆಗೆ ಕರೆದರಷ್ಟೇ ಆಗ ಹೋಗುವುದು ಚೆಂದ. ಮೇ ತಿಂಗಳ ವೆಸಾಕ್ ಹುಣ್ಣಿಮೆ ಸಿಕ್ಕರೆ ಬಿಡಬೇಡಿ. ರಸ್ತೆಯುದ್ದಕ್ಕೂ ‘ದನ್ಸಲ್’ ಹಾಕಿ ಹೋಗಿಬರುವ ಯಾರಿಗೇ ಆಗಲಿ ಅನ್ನ, ಕಡಲೆ, ಐಸ್‌ಕ್ರೀಮು ಪುಕ್ಕಟೆ ಬಡಿಸುತ್ತಾರೆ. ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದ ಹಾಗೆಯೇ. ಸಾಲಿನಲ್ಲಿ ನಿಂತು ಉಣ್ಣಿ, ದುಡ್ಡು ಕೊಡಲು ಹೋಗಬೇಡಿ.

ಖರೀದಿಗೆ ಬಂದರೆ ಚಹಾ, ದಾಲ್ಚಿನ್ನಿ ಎರಡೇ ನನ್ನ ಶಿಫಾರಸು. ಚಹಾ ಪೊಟ್ಟಣದ ಮೇಲೆ ಕತ್ತಿ ಹಿಡಿದ ಸಿಂಹದ ಗುರುತು ಇದ್ದರೆ ಅದು ಪೂರ್ತಿ ಸಿಲೋನ್ ಎಲೆ, ಅಲ್ಲೇ ಕಟ್ಟಿದ್ದು. ಬಿಒಪಿ, ಬಿಒಪಿಎಫ್, ಒಪಿ ಎಂಬ ಅಕ್ಷರಗಳು ಎಲೆಯ ಗಾತ್ರವನ್ನು ಹೇಳುತ್ತವೆ, ರುಚಿಯ ದರ್ಜೆಯನ್ನಲ್ಲ. ನುವರ ಎಲಿಯದ ದುಬಾರಿ ಚಹಾ ತಂದು ನಮ್ಮ ಹಾಗೆ ಹಾಲು ಹಾಕಿ ಕುದಿಸಿದರೆ ನೀರು ನೀರು ಅನ್ನಿಸುತ್ತದೆ, ಅದು ಬರೀ ಬಿಸಿನೀರಿಗೆ ಹಾಕಿ ಕುಡಿಯುವಂಥದ್ದು. ಹಾಲಿನ ಚಹಾಕ್ಕೆ ರುಹುಣ ಅಥವಾ ಸಬರಗಮುವದ ತಗ್ಗು ಪ್ರದೇಶದ ಬಿಒಪಿಎಫ್ ಕೊಳ್ಳಿ, ಬೆಲೆಯೂ ಹಗುರ. ದಾಲ್ಚಿನ್ನಿಯನ್ನು ತುದಿಯಿಂದ ನೋಡಿ. ಕಾಗದದಷ್ಟು ತೆಳ್ಳಗಿನ ಪದರಗಳು ಒಂದರೊಳಗೊಂದು ಸುತ್ತಿಕೊಂಡು ಒಳಗೆ ತುಂಬಿರಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ದಪ್ಪ ತೊಗಟೆ ಒಂದೇ ಸುತ್ತು ಸುರುಳಿಯಾಗಿದ್ದರೆ ಅದು ಕ್ಯಾಸಿಯಾ. ಅದು ನಮ್ಮ ಸಂತೆಯಲ್ಲೇ ಸಿಗುತ್ತದೆ, ಹೊತ್ತು ತರುವುದೇಕೆ?

ಇವೆರಡನ್ನೂ ಸೂಪರ್‌ಮಾರ್ಕೆಟ್ಟಿನಲ್ಲಿ ಬೆಲೆ ಅಚ್ಚಾದ ಪೊಟ್ಟಣದಲ್ಲಿ ಕೊಳ್ಳಿ. ದಾರಿಯಲ್ಲಿ ಸಿಗುವ ‘ಸ್ಪೈಸ್ ಗಾರ್ಡನ್’ಗಳಲ್ಲಿ ತೋಟ ತೋರಿಸುವುದು ಉಚಿತ, ಕೊನೆಗೆ ಎಣ್ಣೆ, ಲೇಪದ ಸೀಸೆ ದುಬಾರಿ ಬೆಲೆಗೆ ಕೈಗೆ ಬರುತ್ತದೆ, ಚಾಲಕರಿಗೆ ಕಮಿಷನ್ ಹೋಗುತ್ತದೆ. ವ್ಯಾನ್ ಗೊತ್ತುಮಾಡುವಾಗಲೇ ಅಂಗಡಿಗಳ ಮುಂದೆ ನಿಲ್ಲಿಸುವುದು ಬೇಡ ಎಂದು ಹೇಳಿ ದರ ಕಟ್ಟಿ. ಬಾಟಿಕ್ ಬಟ್ಟೆ ಕೊಳ್ಳುವುದಾದರೆ ಮಗುಚಿ ನೋಡಿ: ಮೇಣದ ಕೈಕೆಲಸದ್ದಾದರೆ ಹಿಂಬದಿಯಲ್ಲೂ ಬಣ್ಣ ಹೆಚ್ಚುಕಡಿಮೆ ಅಷ್ಟೇ ಗಾಢ, ಅಚ್ಚು ಹೊಡೆದದ್ದಾದರೆ ಮಸುಕು. ಜೀನ್ಸ್ ಬೇಡವೇ ಬೇಡ, ಬಳ್ಳಾರಿ ಪಕ್ಕದಲ್ಲಿಟ್ಟುಕೊಂಡು ಅಲ್ಲಿ ಏಕೆ? ನೀಲಮಣಿ ಕೊಳ್ಳುವ ಆಸೆ ಇದ್ದರೆ ಕೊಲಂಬೊದ ರಾಷ್ಟ್ರೀಯ ರತ್ನ ಮತ್ತು ಆಭರಣ ಪ್ರಾಧಿಕಾರದಲ್ಲಿ ಪರೀಕ್ಷೆ ಮಾಡಿಸಿ, ಆಮೇಲೆ ದುಡ್ಡು ಕೊಡಿ. ಅಂಗಡಿಯವರು ಅದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ. ಹವಳ, ಆಮೆಚಿಪ್ಪು ಯಾರು ಕೊಟ್ಟರೂ ಮುಟ್ಟಬೇಡಿ.

ಹಣದ ಲೆಕ್ಕ: 2024ರ ಫೆಬ್ರುವರಿಯಿಂದ ಅಲ್ಲಿ ಯುಪಿಐ ನಡೆಯುತ್ತದೆ, ಆದರೆ ಹಳ್ಳಿ ಅಂಗಡಿಗೆ ನಗದೇ ಬೇಕು. ಬಿಲ್ಲಿನಲ್ಲಿ ಶೇ 10 ಸೇವಾ ಶುಲ್ಕ ಸೇರಿದ್ದರೆ ಮತ್ತೆ ಟಿಪ್ಸ್ ಕಡ್ಡಾಯವಲ್ಲ. ಸಿಗಿರಿಯಾದ ಬಂಡೆಕೋಟೆಯಂಥ ಕಡೆ ಸಾರ್ಕ್ ದೇಶದವರಿಗೆ (ಭಾರತವೂ ಅದರಲ್ಲಿದೆ) ಬೇರೆ ವಿದೇಶಿಯರಿಗಿಂತ ಟಿಕೆಟ್ ದರ ಕಡಿಮೆ, ಐದೂ ಜನರ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಇಟಿಎ, ಅಂದರೆ ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆಯುವ ಪ್ರವೇಶದ ಅನುಮತಿ, ಅದರ ಅರ್ಜಿಯನ್ನು ಸರ್ಕಾರಿ ಜಾಲತಾಣದಲ್ಲೇ ಹಾಕಿ. ಅದೇ ರೀತಿ ಕಾಣುವ ಖಾಸಗಿ ತಾಣಗಳು ಮೇಲೆ ಮೇಲೆ ದುಡ್ಡು ಕೀಳುತ್ತವೆ.

ಬರುವಾಗ ಕಿತುಲ್ ಪಾಕದ ಸೀಸೆ ತರುವುದಾದರೆ ಕೈಚೀಲದಲ್ಲಿ ಇಡಬೇಡಿ, 100 ಮಿಲಿಲೀಟರ್ ಮೀರಿದ್ದನ್ನು ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಟ್ಟೆಯ ನಡುವೆ ದೊಡ್ಡ ಬ್ಯಾಗಿನಲ್ಲಿ ನಿಲ್ಲಿಸಿ.