ಹತ್ತು ನಿಮಿಷಕ್ಕ ಬಂದ್ ಆಗೋ ಕಂಪ್ಯೂಟರ್, ಜುಂ ಅನ್ನೋ ಕ್ಯಾಬಿನೆಟ್

ಈ ಸಂಚಿಕೆಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಪತ್ರಗಳನ್ನೇ ಆರಿಸಿದ್ದೇವೆ. ಹೆಚ್ಚಿನವರು ಕೇಳಿರುವುದು ಯಾವ ಪಾರ್ಟ್ ಹೊಸದು ಹಾಕಿಸಬೇಕೆಂದು. ಪತ್ರಗಳನ್ನು ಓದಿದರೆ ಪಾರ್ಟ್ ಕೆಟ್ಟಿರುವುದಕ್ಕಿಂತ ಅದರ ಸುತ್ತಲಿನ ಧೂಳು, ಸೆಕೆ, ವೈರಿಂಗ್ ಕೆಟ್ಟಿರುವುದೇ ಜಾಸ್ತಿ ಕಾಣುತ್ತದೆ. ದುಡ್ಡು ಬಿಚ್ಚುವ ಮೊದಲು ಕ್ಯಾಬಿನೆಟ್ ಬಿಚ್ಚಿ.

ನಮ್ದು ಜೀನ್ಸ್ ಹೊಲಿಯೋ ಯುನಿಟ್. ಬಿಲ್ ಮಾಡೋ ಕಂಪ್ಯೂಟರ್ ಚಾಲೂ ಮಾಡಿದ್ರ ಹತ್ತು ನಿಮಿಷಕ್ಕ ತಾನೇ ಬಂದ್ ಆಗ್ತದ. ಕೂಡ್ಲೆ ಮತ್ತ ಚಾಲೂ ಮಾಡಿದ್ರ ಎರಡೇ ನಿಮಿಷ. ರಿಪೇರಿಯವರು ಮದರ್‌ಬೋರ್ಡ್ ಹೋಗ್ಯಾದ ಅಂತಾರ. ಖರೇನ?
ಕೌಲ್ ಬಜಾರ್, ಬಳ್ಳಾರಿ

ಉತ್ತರ ನಿಮ್ಮ ಪತ್ರದಲ್ಲೇ ಇದೆ. ತಣ್ಣಗಿದ್ದಾಗ ಹತ್ತು ನಿಮಿಷ, ಬಿಸಿಯಿದ್ದಾಗ ಎರಡು ನಿಮಿಷ ನಡೆಯುವ ಯಂತ್ರಕ್ಕೆ ಬಹುತೇಕ ಬಿಸಿಯದೇ ಕಾಟ. ಪ್ರೊಸೆಸರ್ ಸುಮಾರು 100 ಡಿಗ್ರಿ ಮುಟ್ಟಿದರೆ ಮೊದಲು ವೇಗ ಇಳಿಸಿಕೊಳ್ಳುತ್ತದೆ, ಆಮೇಲೂ ಬಿಸಿ ಏರಿದರೆ ತನ್ನ ಜೀವ ಉಳಿಸಿಕೊಳ್ಳಲು ಪವರ್ ಕಡಿದುಕೊಳ್ಳುತ್ತದೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯಾಸ್ (ವಿಂಡೋಸ್‌ಗಿಂತ ಮೊದಲು ಏಳುವ ಮೂಲ ಸೆಟ್ಟಿಂಗ್ ಪುಟ) ಒಳಗೆ ಹೋಗಿ, ಹಾರ್ಡ್‌ವೇರ್ ಮಾನಿಟರ್ ಪುಟ ತೆರೆದು ಐದು ನಿಮಿಷ ನೋಡುತ್ತಾ ಕೂರಿ. ಉಷ್ಣಾಂಶ 40ರಿಂದ 60ರ ನಡುವೆ ನಿಂತರೆ ಸರಿ. ನೋಡನೋಡುತ್ತಲೇ 70, 80, 90 ಎಂದು ಏರಿ ಬಂದ್ ಆದರೆ ತಂಪು ಮಾಡುವ ವ್ಯವಸ್ಥೆ ಕೆಲಸ ಮಾಡುತ್ತಿಲ್ಲ. 50ರಲ್ಲಿ ಇದ್ದಾಗಲೇ ಬಂದ್ ಆದರೆ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಒಳಗಿನ ಪಾರ್ಟುಗಳಿಗೆ ಕರೆಂಟ್ ಕೊಡುವ ಡಬ್ಬಿಯ ಮೇಲೆ ತಿರುಗಬೇಕು.

ಜೀನ್ಸ್ ಯುನಿಟ್ಟಿನ ಧೂಳು ಮನೆಯ ಧೂಳಿನಂತಲ್ಲ. ಡೆನಿಮ್ ಕತ್ತರಿಸುವಾಗ ಹಾರುವ ಹತ್ತಿಯ ನವಿರು ಎಳೆಗಳು ಫ್ಯಾನಿನ ಕೆಳಗೆ, ಪ್ರೊಸೆಸರಿನ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್ ರೆಕ್ಕೆಗಳ ಮೇಲೆ ಕಂಬಳಿಯ ಹಾಗೆ ಒತ್ತಿಕೊಂಡು ಕೂರುತ್ತವೆ. ಮೇಲಿಂದ ನೋಡಿದರೆ ಫ್ಯಾನ್ ಚೆನ್ನಾಗಿಯೇ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಇಳಿಯುವುದಿಲ್ಲ. ಫ್ಯಾನ್ ಬಿಚ್ಚದೆ ಇದು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಎಷ್ಟೋ ಒಳ್ಳೆಯ ಮದರ್‌ಬೋರ್ಡ್‌ಗಳು ಗುಜರಿಗೆ ಹೋಗುತ್ತವೆ.

ಪವರ್ ಕಾರ್ಡ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ ಹೊರಗೆ ತಂದು ಒಣ ಬ್ರಷ್ ಮತ್ತು ಕೈ ಬ್ಲೋವರಿನಿಂದ ಸ್ವಚ್ಛ ಮಾಡಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಭರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳು. ಪಂಕ್ಚರ್ ಅಂಗಡಿಯ ಏರ್ ಹೊಡೆಸಲೇಬೇಡಿ, ಅದರಲ್ಲಿ ನೀರೂ ಎಣ್ಣೆಯೂ ಬರುತ್ತವೆ.

ಇಂಟೆಲ್ ಜೊತೆಗೆ ಬರುವ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಪ್ರತಿಯೊಂದನ್ನೂ ಬಾಣದ ಗುರುತಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆಯಿರಿ. ಎಎಂಡಿ ಆದರೆ ಐದು ನಿಮಿಷ ಚಾಲೂ ಇಟ್ಟು ಬೆಚ್ಚಗಾದ ಮೇಲೆ ಆಫ್ ಮಾಡಿ, ಹೀಟ್‌ಸಿಂಕನ್ನು ಮೆಲ್ಲಗೆ ಅತ್ತಿತ್ತ ತಿರುಚಿ ತೆಗೆಯಿರಿ. ಒಮ್ಮೆಲೇ ಎಳೆದರೆ ಪ್ರೊಸೆಸರ್ ಕೂಡ ಅಂಟಿಕೊಂಡು ಬಂದು ಪಿನ್ ಬಗ್ಗುತ್ತವೆ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಬಿಸಿ ದಾಟಿಸುವ ಪೇಸ್ಟ್ ಇರುತ್ತದೆ. ಒಣಗಿದ ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಪೂರ್ತಿ ಒರೆಸಿ, ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟರೆ ಸಾಕು, ಒತ್ತಡಕ್ಕೆ ತಾನೇ ಹರಡುತ್ತದೆ. ಪಿನ್‌ಗಳನ್ನು ಮೂಲೆಯಿಂದ ಎದುರು ಮೂಲೆಗೆ, ಟಕ್ ಎನ್ನುವವರೆಗೆ ಒತ್ತಿ. ನಾಲ್ಕೂ ಪಿನ್ ಬೋರ್ಡಿನ ಹಿಂದೆ ಹೊರಬಂದಿವೆಯೇ ಎಂದು ಟಾರ್ಚ್ ಹಾಕಿ ನೋಡಿ. ಒಂದು ಪಿನ್ ಸರಿಯಾಗಿ ಕೂರದಿದ್ದರೂ ಹೀಟ್‌ಸಿಂಕ್ ಒಂದು ಕಡೆ ಎದ್ದು ನಿಲ್ಲುತ್ತದೆ, ಕಾಟ ಮತ್ತೆ ಶುರು.

ಹೀಟ್‌ಸಿಂಕ್ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಜನವರಿಯಲ್ಲಿ 28 ಡಿಗ್ರಿ ಇದ್ದ ಕೋಣೆ ಮೇನಲ್ಲಿ 42 ಆದರೆ ಒಳಗೂ ಅಷ್ಟೇ, 14 ಡಿಗ್ರಿ ಏರುತ್ತದೆ. ಯಂತ್ರವನ್ನು ನೆಲದಿಂದ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರ ಇಡಿ. ಧೂಳು ತಡೆಯಲೆಂದು ಬಟ್ಟೆ ಹೊದಿಸುವವರಿದ್ದಾರೆ, ಚಾಲೂ ಇರುವಾಗ ಅದು ಯಂತ್ರದ ಉಸಿರು ಕಟ್ಟಿಸಿದಂತೆ. ನಿಮ್ಮಲ್ಲಿ ತಿಂಗಳಿಗೊಮ್ಮೆ ಬ್ರಷ್ ಆಡಿಸಲೇಬೇಕು.

ದಿನಾ ಬೆಳಿಗ್ಗೆ ಕಂಪ್ಯೂಟರಿನ ತಾರೀಖು ಹಿಂದಕ್ಕೆ ಹೋಗಿರುತ್ತದೆ. ಸರ್ಕಾರಿ ವೆಬ್‌ಸೈಟ್‌ಗಳು ತೆರೆಯುವುದಿಲ್ಲ, ಸುರಕ್ಷಿತವಲ್ಲ ಎಂದು ಬರುತ್ತದೆ.
ಸಿಂಧನೂರು

ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಮುಗಿದಿದೆ. ಸಿಆರ್2032 ಎಂದು ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹೊಸದು 3 ವೋಲ್ಟ್ ತೋರಿಸಬೇಕು, 2.8ಕ್ಕಿಂತ ಇಳಿದಿದ್ದರೆ ಬದಲಿಸಿ. ಪ್ಲಸ್ ಮುಖ ಮೇಲಕ್ಕಿರಲಿ. ತಾರೀಖು ತಪ್ಪಿದರೆ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರದ ಅವಧಿ ಹೊಂದುವುದಿಲ್ಲ, ಅದಕ್ಕೇ ಆ ಎಚ್ಚರಿಕೆ. ಸೆಲ್ ತೆಗೆಯುವ ಮೊದಲು ಬಯಾಸ್ ಪುಟಗಳ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಡಿಸ್ಕ್ ಜೊತೆ ಮಾತಾಡುವ ಬಗೆಯನ್ನು ಹೇಳುವ ಸಾಟಾ ಮೋಡ್ ಬದಲಾಗಿಬಿಟ್ಟರೆ ವಿಂಡೋಸ್ ಏಳುವುದಿಲ್ಲ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆ, ಚಪ್ಪಲಿ ಹಾಕಿದ್ದರೆ ಇಲ್ಲ. ಟೆಸ್ಟರ್ ಹಚ್ಚಿದರೆ ಉರಿಯುತ್ತದೆ. ಎಸ್‌ಎಂಪಿಎಸ್ ಬದಲಿಸಿದರೂ ಹಾಗೇ. ಈಗ ಎರಡನೇ ಸಲ ಪ್ರಿಂಟರ್ ಹಚ್ಚುವ ಯುಎಸ್‌ಬಿ ಪೋರ್ಟ್ ಸುಟ್ಟಿದೆ.
ರಾಯಚೂರು

ಹೊಸ ಎಸ್‌ಎಂಪಿಎಸ್ಸಿನಿಂದ ಇದು ಹೋಗುವುದಿಲ್ಲ, ನಿಮ್ಮ ಕಟ್ಟಡಕ್ಕೆ ಅರ್ಥಿಂಗ್ ಇಲ್ಲ. ಒಳ್ಳೆಯ ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಲೋಹದ ಮೈಗೆ ಸೇರಿರುತ್ತವೆ. ಅವುಗಳ ಕೆಲಸ ಕರೆಂಟಿನ ಕಿರಿಕಿರಿಯನ್ನು ಅರ್ಥಿಗೆ ಇಳಿಸುವುದು. ಅರ್ಥ್ ಇಲ್ಲದಿದ್ದರೆ ಇಳಿಯಲು ದಾರಿಯಿಲ್ಲದೆ ಕ್ಯಾಬಿನೆಟ್ 230ರ ಅರ್ಧ, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಜುಂ ಎನ್ನುತ್ತದೆ ಅಷ್ಟೆ. ಆದರೆ ಅದೇ 115 ವೋಲ್ಟ್ ನೀವು ಪ್ರಿಂಟರ್ ಕೇಬಲ್ ಚುಚ್ಚುವ ಕ್ಷಣದಲ್ಲಿ ಯುಎಸ್‌ಬಿ ಪೋರ್ಟಿನ ಮೂಲಕ ಹಾಯುತ್ತದೆ, ಪೋರ್ಟ್ ಇರುವುದು 5 ವೋಲ್ಟಿಗೆ.

ಎಲೆಕ್ಟ್ರಿಷಿಯನ್ ಕರೆಸಿ ಅಳತೆ ಮಾಡಿಸಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230 ಬಂದರೆ ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್ ಮೀರಬಾರದು. ಮೀಟರ್ ಒಂದನ್ನೇ ನಂಬಿ ಕೂರಬಾರದು. ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟಿನ ಹಳೇ ಬಲ್ಬ್ ಹಾಕಿದಾಗ ಪೂರ್ತಿ ಉರಿಯಬೇಕು, ಮಂಕಾದರೆ ಅರ್ಥ್ ಹೆಸರಿಗಷ್ಟೆ ಇದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಬಲ್ಬ್ ಹಾಕಿದೊಡನೆ ಟ್ರಿಪ್ ಆಗುತ್ತದೆ. ಇದು ಎಲೆಕ್ಟ್ರಿಷಿಯನ್ನನ ಕೆಲಸ, ನೀವು ಮಾಡಬೇಡಿ.

ದೋಷ ಇರುವ ಜಾಗ ಮೂರು. ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ ವೈರೇ ಬಂದಿರುವುದಿಲ್ಲ, ಅಥವಾ ಎಕ್ಸ್‌ಟೆನ್ಶನ್ ಬೋರ್ಡಿಗೆ ಎರಡೇ ಎಳೆಯ ವೈರ್ ಹಾಕಿರುತ್ತಾರೆ. ಮೂರನೆಯದು ನಿಮ್ಮ ಕಡೆಯ ಎರೆಭೂಮಿಯದು. ಬೇಸಿಗೆಯಲ್ಲಿ ಎರೆಮಣ್ಣು ಕುಗ್ಗಿ ಬಿರುಕು ಬಿಟ್ಟು ನೆಲದಲ್ಲಿ ಹೂತ ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ, ಮಳೆಗಾಲದಲ್ಲಿ ಸರಿಯಿದ್ದ ಅರ್ಥ್ ಏಪ್ರಿಲ್‌ನಲ್ಲಿ ಸತ್ತಿರುತ್ತದೆ. ಎರಡೂವರೆ ಮೀಟರ್ ಉದ್ದದ, 40 ಮಿಲಿಮೀಟರ್ ಅಗಲದ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ಪದರ ಪದರವಾಗಿ ತುಂಬಿಸಿ. ಬೇಸಿಗೆಯಲ್ಲಿ ಎರಡು ದಿನಕ್ಕೊಂದು ಕೊಡ ನೀರು ಬಿಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕಿದೆ. ಸಾಕೆಟ್ಟಿನೊಳಗೇ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿ ಕೊಟ್ಟು ಜುಂ ನಿಲ್ಲಿಸಿದೆವು ಎನ್ನುವವರಿದ್ದಾರೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಡಿದರೆ ಆಗ ಕ್ಯಾಬಿನೆಟ್ ಮೇಲೆ ಪೂರ್ತಿ 230 ವೋಲ್ಟ್ ಬರುತ್ತದೆ, ಮುಟ್ಟಿದವರ ಜೀವ ಹೋಗುತ್ತದೆ. ಯಾರೇ ಹೇಳಿದರೂ ಒಪ್ಪಬೇಡಿ. ಅರ್ಥ್ ಸರಿಯಾದ ಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ.

ಫ್ಯಾನ್ ತಿರುಗುತ್ತವೆ, ಲೈಟ್ ಬರುತ್ತದೆ, ಆದರೆ ಮಾನಿಟರ್ ಮೇಲೆ ಏನೂ ಇಲ್ಲ.
ಕುಷ್ಟಗಿ

ಮೊದಲು ಕೇಬಲ್ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿಗೆ ಚುಚ್ಚಿದರೆ ಸಾಮಾನ್ಯವಾಗಿ ಪರದೆ ಕಪ್ಪು. ಐ5-12400ಎಫ್‌ನಂತೆ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರ್‌ಗಳಿಗೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಇಲ್ಲದೆ ಅವು ಚಿತ್ರ ಕೊಡಲಾರವು.

ಅದು ಸರಿಯಿದ್ದರೆ ರ‍್ಯಾಮ್. ಕರೆಂಟ್ ಕಿತ್ತು, ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಉಪ್ಪುಕಾಗದ ಹಚ್ಚಿದರೆ ಲೇಪವೇ ಹೋಗುತ್ತದೆ. ಎರಡಿದ್ದರೆ ಒಂದನ್ನೇ ಹಾಕಿ ನೋಡಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟ್ ಮೊದಲು. ಎರಡೂ ತುದಿ ಸಮನಾಗಿ ಕೂರಬೇಕು. ರ‍್ಯಾಮ್ ಇಲ್ಲದೆ ಆನ್ ಮಾಡಿದಾಗ ಬೀಪ್ ಬಂದರೆ ಬೋರ್ಡ್ ಜೀವಂತವಾಗಿದೆ ಎಂದು ತಿಳಿಯಿರಿ. ಬೀಪ್ ಬಾರದಿದ್ದರೆ ಬೋರ್ಡಿಗೆ ಸ್ಪೀಕರ್ ಇದೆಯೇ ಎಂದು ನೋಡಿಕೊಳ್ಳಿ, ಈಗಿನ ಕ್ಯಾಬಿನೆಟ್‌ಗಳಲ್ಲಿ ಅದನ್ನು ಕೊಡುವುದು ಕಡಿಮೆ.

ರೈಸ್ ಮಿಲ್ಲಿನ ವೇಬ್ರಿಜ್ ಕಂಪ್ಯೂಟರಿಗೆ 600 ವಿಎ ಯುಪಿಎಸ್ ಇದೆ. ಕರೆಂಟ್ ಹೋದ ಕೂಡಲೇ ಅದೂ ಹೋಗುತ್ತದೆ. ವರ್ಷಕ್ಕೊಂದು ಬ್ಯಾಟರಿ ತಿನ್ನುತ್ತಿದೆ. ದೊಡ್ಡ ಯುಪಿಎಸ್ ತರಬೇಕೆ?
ಗಂಗಾವತಿ

ದೊಡ್ಡದು ತಂದರೂ ಅದೂ ವರ್ಷಕ್ಕೊಂದು ಬ್ಯಾಟರಿ ತಿನ್ನುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಬಿಲ್ಲಿಂಗ್ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 100 ವ್ಯಾಟಿನ ಆಸುಪಾಸು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೊಂದಿಷ್ಟು. ಸಾಕಾಗುತ್ತದೆ. ಒಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಚೆನ್ನಾಗಿದ್ದರೆ ಈ ಭಾರಕ್ಕೆ ಹದಿನೈದು ನಿಮಿಷ ಬರಬೇಕು. ಲೇಸರ್ ಪ್ರಿಂಟರ್ ಮಾತ್ರ ಯುಪಿಎಸ್ಸಿಗೆ ಹಚ್ಚಬೇಡಿ, ರೋಲರ್ ಬಿಸಿ ಮಾಡುವ ಗಳಿಗೆಯಲ್ಲಿ ಅದು ನೂರಾರು ವ್ಯಾಟ್ ಎಳೆಯುತ್ತದೆ.

ಬ್ಯಾಟರಿ ಬೇಗ ಸಾಯಲು ನಿಮ್ಮಲ್ಲಿ ಎರಡು ಕಾರಣ ಇವೆ. ಮಿಲ್ಲಿನ ಮೋಟಾರ್ ಚಾಲೂ ಆಗುವಾಗ ನಡೆಯುವ ಹೊತ್ತಿಗಿಂತ ಐದಾರು ಪಟ್ಟು ಕರೆಂಟ್ ಎಳೆದು ವೋಲ್ಟೇಜ್ ಕುಸಿಯುತ್ತದೆ. ಪ್ರತಿ ಸಲವೂ ಯುಪಿಎಸ್ ಟಕ್ ಎಂದು ಬ್ಯಾಟರಿಗೆ ಹೋಗಿ ಬರುತ್ತದೆ. ಕಂಪ್ಯೂಟರ್ ಲೈನನ್ನು ಮೋಟಾರ್ ಪ್ಯಾನೆಲ್‌ನಿಂದ ಎಳೆಯದೆ ಮೀಟರ್ ಬೋರ್ಡಿನಿಂದಲೇ ಬೇರೆಯಾಗಿ ತರಿಸಿ. ಎರಡನೆಯದು ಸೆಕೆ. ಈ ಬ್ಯಾಟರಿಗಳ ಆಯಸ್ಸು ಲೆಕ್ಕ ಹಾಕುವುದು 25 ಡಿಗ್ರಿಗೆ, ಅದರ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯಸ್ಸು ಅರ್ಧವಾಗುತ್ತದೆ. ತಗಡಿನ ಕ್ಯಾಬಿನ್ನಿನಲ್ಲಿ, ತೌಡಿನ ಧೂಳು ಮುಚ್ಚಿದ ಯುಪಿಎಸ್ ಒಳಗೆ ಎಷ್ಟು ಸೆಕೆ ಇರುತ್ತದೆ ಎಂದು ಕೈಯಿಟ್ಟರೇ ತಿಳಿಯುತ್ತದೆ. ನೆರಳಿನ ಗೋಡೆಗೆ, ಗಾಳಿಯಾಡುವ ಕಡೆ ಸರಿಸಿ. ಬ್ಯಾಟರಿ ಉಬ್ಬಿದ್ದರೆ ಅದೇ ದಿನ ತೆಗೆಯಿರಿ.

ಇನ್ವರ್ಟರ್ ಇದ್ದವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಬೇಕು. ಇನ್ನೊಂದು ಮೋಡಿನಲ್ಲಿ ಕರೆಂಟ್ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿರುತ್ತದೆ.

ಡಿಟಿಪಿ ಅಂಗಡಿಗೆ ಕಂಪ್ಯೂಟರ್ ಬೇಕು. ನುಡಿ, ಕೋರೆಲ್‌ಡ್ರಾ, ಫೋಟೊಶಾಪ್ ಕೆಲಸ. ಕಂಪನಿಗಳಲ್ಲಿ ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ತರಬಹುದೆ?
ಲಿಂಗಸುಗೂರು

ತರಬಹುದು, ಇಂಟೆಲ್ ಆದರೆ 8ನೇ ಪೀಳಿಗೆಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ 8ನೇ ಪೀಳಿಗೆಯೂ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೂಡ ಬೇಕು. ಐ5-8500 ಎಂದಿದ್ದರೆ ಮೊದಲ ಅಂಕಿ 8, ಅದೇ ಪೀಳಿಗೆ. ನುಡಿಗೆ ಯಾವ ಯಂತ್ರವಾದರೂ ನಡೆಯುತ್ತದೆ, ಭಾರ ಬೀಳುವುದು ಫ್ಲೆಕ್ಸ್ ಅಳತೆಯ ಫೋಟೊಶಾಪ್ ಫೈಲುಗಳಿಂದ. 8 ಜಿಬಿಯ ಎರಡು ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರಲಿ. ಹಾರ್ಡ್ ಡಿಸ್ಕ್ ಹಳೇ ಫೈಲು ಇಡಲು ಸಾಕು, ವಿಂಡೋಸ್ ಅದರ ಮೇಲೆ ಇಡಬೇಡಿ.

ಅಂಗೈ ಅಗಲದ ಚಿಕ್ಕ ಕಂಪನಿ ಡಬ್ಬಿಗಿಂತ ಟವರ್ ತನ್ನಿ. ಚಿಕ್ಕ ಡಬ್ಬಿಗೆ ಮಾರುಕಟ್ಟೆಯ ಮಾಮೂಲಿ ಎಸ್‌ಎಂಪಿಎಸ್ ಕೂರುವುದಿಲ್ಲ, ಸೆಕೆಯೂ ಬೇಗ ಕಟ್ಟುತ್ತದೆ. ಹೊಸ ಎಸ್‌ಎಂಪಿಎಸ್ ಕೊಳ್ಳುವಾಗ ಮೇಲೆ ದೊಡ್ಡದಾಗಿ ಬರೆದ 450 ನೋಡಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ 12ರಿಂದ ಗುಣಿಸಿ. 14 ಆಂಪಿಯರ್ ಇದ್ದರೆ ಪ್ರೊಸೆಸರಿಗೂ ಕಾರ್ಡಿಗೂ ಸಿಗುವುದು 168 ವ್ಯಾಟ್ ಮಾತ್ರ. ಉಳಿಸಿದ ದುಡ್ಡನ್ನು 24 ಇಂಚಿನ ಐಪಿಎಸ್ ಮಾನಿಟರಿಗೆ ಹಾಕಿ, ಪಕ್ಕದಿಂದ ನೋಡಿದಾಗಲೂ ಬಣ್ಣ ಬದಲಾಗುವುದಿಲ್ಲ, ಗಿರಾಕಿಗೆ ತೋರಿಸುವಾಗ ಜಗಳ ತಪ್ಪುತ್ತದೆ.

ಕೆಂಪು ಧೂಳಿನ ಊರು ನಮ್ಮದು. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದೆ. ಬಿಚ್ಚಿ ಸ್ವಚ್ಛ ಮಾಡಬಹುದೆ?
ಸಂಡೂರು

ಬೇಡ. ಅದಿರಿನ ಧೂಳು ನೀರಿಗಿಂತ ಐದು ಪಟ್ಟು ತೂಕದ್ದು, ಗಡಸು, ಫ್ಯಾನ್ ಬೇರಿಂಗ್ ಸವೆಸುತ್ತದೆ. ಆದರೆ ಹಾರ್ಡ್ ಡಿಸ್ಕಿನ ಗಾಳಿತೂತಿಗೆ ಫಿಲ್ಟರ್ ಇರುತ್ತದೆ, ಒಳಗೆ ಧೂಳು ಹೋಗುವುದಿಲ್ಲ. ನೀವು ಮುಚ್ಚಳ ತೆಗೆದರೆ ಆಗ ಹೋಗುತ್ತದೆ, ಡೇಟಾ ಕೂಡ ಹೋಗುತ್ತದೆ.

ಟಕ್ ಟಕ್ ಕೇಳಿದ ಮೇಲೆ ವಿಂಡೋಸಿನ ಡಿಸ್ಕ್ ತಪಾಸಣೆಯಾದ ಚೆಕ್‌ಡಿಸ್ಕ್ ಓಡಿಸಬೇಡಿ, ಗಂಟೆಗಟ್ಟಲೆ ಉಜ್ಜಿ ಉಳಿದದ್ದನ್ನೂ ಕೆಡಿಸುತ್ತದೆ. ಬೇಕಾದ ಫೈಲು ಮೊದಲು ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಆಮೇಲೆ ಉಚಿತವಾಗಿ ಸಿಗುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು 05, ಸಿ5, ಸಿ6 ಸಾಲುಗಳ (ಡಿಸ್ಕಿನಲ್ಲಿ ಕೆಟ್ಟ ಜಾಗಗಳ ಎಣಿಕೆ) ಕೊನೆಯ ಅಂಕಿ ನೋಡಿ. ಸೊನ್ನೆ ಇರಬೇಕು, ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಕಾಲ ಮುಗಿಯಿತು. ಡೇಟಾ ಸಾಗುವಾಗಿನ ತಪ್ಪು ಎಣಿಸುವ ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಮೊದಲು ಸಾಟಾ ಕೇಬಲ್ ಬದಲಿಸಿ ನೋಡಿ. ಹಳೆಯ ಎಣಿಕೆ ಅಲ್ಲಿಯೇ ಉಳಿಯುತ್ತದೆ, ಹೊಸದಾಗಿ ಏರದಿದ್ದರೆ ಡಿಸ್ಕ್ ಚೆನ್ನಾಗಿದೆ.