ಗೆದ್ದವರ ಕೈಗೆ ಸಿಕ್ಕಿದ್ದೆಲ್ಲ ಅವರದ್ದೇ?

ಪ್ರಶ್ನೆ: ಯುದ್ಧದಲ್ಲಿ ಗೆದ್ದವರು ಸೋತವರ ಸೊತ್ತು ತೆಗೆದುಕೊಳ್ಳಬಹುದು ಎಂದು ಕುರ್‌ಆನ್‌ನಲ್ಲೇ ಇದೆ ಎನ್ನುತ್ತಾನೆ ನನ್ನ ಗೆಳೆಯ. ಹಾಗಾದರೆ ಯುದ್ಧದ ಹೊತ್ತಲ್ಲಿ ಯಾರದೋ ಮನೆಗೆ ನುಗ್ಗಿ ಸಾಮಾನು ಎತ್ತಿಕೊಂಡು ಹೋಗುವುದೂ ಸರಿಯೇ? ಅದು ಲೂಟಿ ಅಲ್ವಾ?

ಉತ್ತರ: ಲೂಟಿಯೇ. ಅದು ಹರಾಮ್, ಅಂದರೆ ಧರ್ಮದಲ್ಲಿ ನಿಷಿದ್ಧ. ನಿಮ್ಮ ಗೆಳೆಯ ಹೇಳುತ್ತಿರುವುದು 'ಗನೀಮತ್' ಅಂದರೆ ಸಮರಾರ್ಜಿತ ಸೊತ್ತಿನ ವಿಷಯ. ಅದರ ನಿಯಮ ಬಂದದ್ದೇ ಸಿಕ್ಕಿದವರು ಸಿಕ್ಕಿದ್ದನ್ನು ಬಾಚಿಕೊಳ್ಳದಿರಲಿ ಎಂದು.

624ರ ಬದ್ರ್ ಯುದ್ಧ ಮುಗಿದಾಗ ಸೊತ್ತು ಯಾರಿಗೆ ಸೇರಬೇಕು ಎಂದು ಸಹಾಬಿಗಳ (ಪ್ರವಾದಿಯವರ ಸಂಗಾತಿಗಳ) ನಡುವೆಯೇ ಮಾತು ಬೆಳೆಯಿತು. ಆಗ ಕುರ್‌ಆನ್‌ನಲ್ಲಿ ಬಂದ ಉತ್ತರ: ಅದು ಅಲ್ಲಾಹನದು ಮತ್ತು ಅವನ ಸಂದೇಶವಾಹಕರದು. ಅಂದರೆ ಮೊದಲು ಎಲ್ಲರ ಕೈಯಿಂದ ಅದನ್ನು ಬಿಡಿಸಲಾಯಿತು. ಆಮೇಲೆ ಹಂಚಿಕೆಯ ಲೆಕ್ಕ ಬಂತು. ಐದರಲ್ಲಿ ಒಂದು ಪಾಲು ತೆಗೆದಿಡಬೇಕು. ಅದರಲ್ಲಿ ಅನಾಥರು, ಬಡವರು, ದಾರಿಹೋಕರಿಗೂ ಹಕ್ಕಿದೆ. ಉಳಿದದ್ದು ಸೈನಿಕರಿಗೆ. ಆಗ ಸಂಬಳದ ಸೈನ್ಯ ಇರಲಿಲ್ಲ ಎಂಬುದನ್ನು ಮರೆಯಬಾರದು.

ಹಂಚುವ ಮೊದಲು ಒಂದು ದಾರ ತೆಗೆದರೂ ಅದಕ್ಕೆ 'ಗುಲೂಲ್' ಎಂದು ಹೆಸರು. ಖೈಬರ್ ಯುದ್ಧದಿಂದ ಮರಳುವಾಗ ಪ್ರವಾದಿಯವರ (ಸ) ಸೇವಕ ಮಿದ್‌ಅಮ್ ಎಲ್ಲಿಂದಲೋ ಬಂದ ಬಾಣ ತಗುಲಿ ಸತ್ತರು. ಸ್ವರ್ಗ ಸಿಕ್ಕಿತು ಎಂದು ಜನ ಸಂತೋಷಪಟ್ಟರು. ಇಲ್ಲ, ಹಂಚುವ ಮೊದಲೇ ಅವನು ತೆಗೆದುಕೊಂಡ ಹೊದಿಕೆ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆ ಎಂದರು ಪ್ರವಾದಿ. ಕೇಳಿದ ಕೂಡಲೇ ಒಬ್ಬರು ತಾವು ಇಟ್ಟುಕೊಂಡಿದ್ದ ಚಪ್ಪಲಿಯ ಬಾರು ತಂದು ಮುಂದಿಟ್ಟರು. ಈ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಒಂದು ಬಾರು, ಅಷ್ಟೇ.

ಹಸಿವಿನ ನೆಪವೂ ನಡೆಯಲಿಲ್ಲ. ಒಂದು ಪ್ರಯಾಣದಲ್ಲಿ ಹಸಿದ ಜನ ಕುರಿಗಳನ್ನು ದೋಚಿ ತಂದು ಬೇಯಿಸುತ್ತಿದ್ದರು. ಪ್ರವಾದಿಯವರು ಬಿಲ್ಲಿನಿಂದ ಮಡಕೆಗಳನ್ನು ಉರುಳಿಸಿ ಮಾಂಸವನ್ನು ಮಣ್ಣುಪಾಲು ಮಾಡಿದರು. ದೋಚಿದ್ದು ಸತ್ತ ಪ್ರಾಣಿಯ ಮಾಂಸಕ್ಕಿಂತ ಹೆಚ್ಚು ಹಲಾಲ್ ಅಲ್ಲ ಎಂದರು.

ಜಮೀನಿನ ವಿಷಯದಲ್ಲಿ ಖಲೀಫ ಉಮರ್ (ರ) ಇನ್ನೂ ಮುಂದೆ ಹೋದರು. ಇರಾಕ್ ಗೆದ್ದಾಗ ಹೊಲಗಳನ್ನೂ ಹಂಚಿ ಎಂದು ಒತ್ತಾಯ ಬಂತು. ಇವತ್ತೇ ಹಂಚಿದರೆ ನಾಳೆ ಹುಟ್ಟುವವರಿಗೆ ಏನು ಉಳಿಯುತ್ತದೆ ಎಂದು ಉಮರ್ ಒಪ್ಪಲಿಲ್ಲ. ರೈತರು ತಮ್ಮ ಹೊಲದಲ್ಲೇ ಉಳಿದರು, ಖರಾಜ್ ಎಂಬ ಕಂದಾಯ ಕಟ್ಟಿದರು. ಸಂಪತ್ತು ಶ್ರೀಮಂತರ ನಡುವೆಯೇ ಸುತ್ತುತ್ತಿರಬಾರದು ಎನ್ನುವ ಹಶ್ರ್ ಅಧ್ಯಾಯದ ಮಾತಿನ ಬೆಂಬಲ ಅವರಿಗಿತ್ತು.

ಎಲ್ಲ ಮುಸ್ಲಿಂ ಸೈನ್ಯಗಳೂ ಹೀಗೇ ನಡೆದುಕೊಂಡವು ಎಂದು ನಾನು ಹೇಳುವುದಿಲ್ಲ. ಇತಿಹಾಸದಲ್ಲಿ ದೋಚಿದವರು ಬೇಕಾದಷ್ಟಿದ್ದಾರೆ. ಆದರೆ ಅವರ ನಡತೆ ಧರ್ಮದ ನಿಯಮ ಆಗುವುದಿಲ್ಲ.

ಇನ್ನು ಇಂದಿನ ಮಾತು. ಸೈನಿಕರಿಗೆ ಸಂಬಳ ಇದೆ. 1949ರ ನಾಲ್ಕನೇ ಜಿನೀವಾ ಒಪ್ಪಂದ ಲೂಟಿಯನ್ನು ನಿಷೇಧಿಸಿದೆ, ಮುಸ್ಲಿಂ ದೇಶಗಳೂ ಅದಕ್ಕೆ ಸೇರಿವೆ. ಕೊಟ್ಟ ಮಾತು ಪಾಲಿಸಿ ಎನ್ನುವುದು ಕುರ್‌ಆನ್‌ನ ಆಜ್ಞೆ. ಹಾಗಾಗಿ ಖಾಲಿ ಬಿದ್ದ ಮನೆಯಿಂದ ಒಂದು ಪಾತ್ರೆ ತಂದವನಿಗೂ ಗನೀಮತ್ ಎನ್ನುವ ಹಕ್ಕಿಲ್ಲ. ಅವನ ತೌಬಾ (ಪಶ್ಚಾತ್ತಾಪ) ಬರೀ ಬಾಯಿಮಾತಿನಲ್ಲಿ ಮುಗಿಯುವುದೂ ಇಲ್ಲ. ಪಾತ್ರೆ ಮಾಲೀಕರಿಗೆ ಮರಳಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರನ್ನು ಹುಡುಕಿ ಕೊಡಬೇಕು.