ಓದುಗರ ಪ್ರಶ್ನೆ: ಚಿಟ್ಟೆಯ ರೆಕ್ಕೆ ಮುದುಡಿದ್ದೇಕೆ?

ಪ್ರಶ್ನೆ: ನಿಂಬೆ ಗಿಡದಲ್ಲಿ ಸಿಕ್ಕ ಹುಳುವನ್ನು ಮಕ್ಕಳು ಗಾಜಿನ ಬಾಟಲಿಯಲ್ಲಿ ಸಾಕಿದರು. ಕೋಶವೂ ಆಯಿತು, ಚಿಟ್ಟೆಯೂ ಬಂತು. ಆದರೆ ರೆಕ್ಕೆ ಬಿಚ್ಚಿಕೊಳ್ಳಲೇ ಇಲ್ಲ. ಎಲ್ಲಿ ತಪ್ಪಾಯಿತು?

ಉತ್ತರ: ಹೆಚ್ಚಿನ ಸಲ ತಪ್ಪು ಬಾಟಲಿಯದ್ದೇ. ಕೋಶ ಒಡೆದು ಬಂದ ಗಳಿಗೆಯಲ್ಲಿ ರೆಕ್ಕೆ ಒದ್ದೆ ಬಟ್ಟೆಯ ಮುದ್ದೆಯಂತಿರುತ್ತದೆ. ಚಿಟ್ಟೆ ಯಾವುದನ್ನಾದರೂ ಹಿಡಿದು ಮೇಲೇರಿ, ರೆಕ್ಕೆ ಕೆಳಗೆ ಜೋತುಬೀಳುವಂತೆ ತೂಗಬೇಕು. ಆಗ ಅದು ಹೊಟ್ಟೆಯನ್ನು ಬಿಗಿಮಾಡಿ ದೇಹದ ದ್ರವವನ್ನು ರೆಕ್ಕೆಯ ನರಗಳೊಳಕ್ಕೆ ಒತ್ತುತ್ತದೆ. ಹದಿನೈದು-ಇಪ್ಪತ್ತು ನಿಮಿಷಗಳಲ್ಲಿ ರೆಕ್ಕೆ ಹರಡಿಕೊಳ್ಳುತ್ತದೆ. ಗಟ್ಟಿಯಾಗಲು ಇನ್ನೂ ಒಂದೆರಡು ಗಂಟೆ ಬೇಕು. ನುಣುಪು ಗಾಜಿನ ಮೇಲೆ ಕಾಲು ನಿಲ್ಲದೆ ತಳಕ್ಕೆ ಬಿದ್ದರೆ, ಬಿದ್ದ ಭಂಗಿಯಲ್ಲೇ ರೆಕ್ಕೆ ಒಣಗಿಬಿಡುತ್ತದೆ. ಆಮೇಲೆ ಸರಿಪಡಿಸುವ ದಾರಿಯಿಲ್ಲ, ಏಕೆಂದರೆ ಚಿಟ್ಟೆ ಮತ್ತೆಂದೂ ಪೊರೆ ಬಿಡುವುದಿಲ್ಲ.

ಮುಂದಿನ ಸಲ ಬಲೆಬಟ್ಟೆ ಹೊದಿಸಿದ ಡಬ್ಬ ಬಳಸಿ. ಎತ್ತರ 30 ಸೆಂ.ಮೀ. ಆದರೂ ಇರಲಿ, ಒಳಗೋಡೆಗೆ ಒರಟು ಕಾಗದ ಅಂಟಿಸಿ. ರೆಂಬೆಯನ್ನು ನೀರು ತುಂಬಿದ ಸಣ್ಣ ಶೀಶೆಯಲ್ಲಿಟ್ಟು, ಶೀಶೆಯ ಬಾಯಿಗೆ ಹತ್ತಿ ತುರುಕಿ. ಇಲ್ಲವಾದರೆ ಹುಳು ಕಾಂಡದ ಗುಂಟ ಇಳಿದು ನೀರಿನಲ್ಲಿ ಮುಳುಗಿ ಸಾಯುತ್ತದೆ. ಯಾವ ಗಿಡದಲ್ಲಿ ಸಿಕ್ಕಿತೋ ಅದೇ ಗಿಡದ ಎಲೆ ಕೊಡಿ, ಔಷಧಿ ಹೊಡೆದ ಎಲೆ ಬೇಡವೇ ಬೇಡ. ಹಿಕ್ಕೆಯನ್ನು ದಿನವೂ ತೆಗೆಯಿರಿ. ಡಬ್ಬದ ಗೋಡೆಯಲ್ಲಿ ನೀರಹನಿ ಕಟ್ಟುತ್ತಿದ್ದರೆ ಗಾಳಿ ಸಾಲದು ಎಂದೇ ಅರ್ಥ. ಅಲ್ಲಿ ಬೂಷ್ಟೂ ರೋಗವೂ ಬೇಗ ಬರುತ್ತವೆ.

ಒಂದು ಮಾತನ್ನು ಮಕ್ಕಳಿಗೆ ಒತ್ತಿ ಹೇಳಿ. ಹುಳು ತಿನ್ನುವುದನ್ನು ಬಿಟ್ಟು ಅಲುಗಾಡದೆ ಕೂತಾಗ ಅದನ್ನು ಎಬ್ಬಿಸಲು ಹೋಗಬಾರದು. ಅದು ಪೊರೆ ಬಿಡುವ ಸಿದ್ಧತೆ. ರೇಷ್ಮೆ ಸಾಕುವವರು ಇದನ್ನು ‘ಜ್ವರ’ ಎನ್ನುತ್ತಾರೆ. ರೇಷ್ಮೆಹುಳು ನಾಲ್ಕು ಜ್ವರ ಕಳೆದು ಐದನೇ ಹಂತದಲ್ಲಿ ಗೂಡು ಕಟ್ಟುತ್ತದೆ. ಚಿಟ್ಟೆಯ ಹುಳು ಎಲೆಯ ಮೇಲೆ ತೆಳ್ಳಗೆ ನೂಲು ಹಾಸಿ, ಅದಕ್ಕೆ ಕಾಲು ಸಿಕ್ಕಿಸಿಕೊಂಡು ಹಳೆ ಪೊರೆಯಿಂದ ಹೊರಗೆ ನಡೆಯುತ್ತದೆ. ಆ ಹಿಡಿತ ತಪ್ಪಿಸಿದರೆ ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಹುಳು ಸಾಯಬಹುದು.

ನಿಂಬೆ ಗಿಡದ ಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು, ಕೊನೆಯ ಹಂತದಲ್ಲಿ ಹಸಿರಾಗುತ್ತದೆ. ಅದು ನೀರುನೀರಾಗಿ ಹಿಕ್ಕೆ ಹಾಕಿ ಡಬ್ಬದ ತುಂಬ ಅಲೆದಾಡಿದರೆ ಕಾಯಿಲೆಯೆಂದು ಹೆದರಬೇಡಿ. ಕೋಶವಾಗುವ ಮುನ್ನ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತಿದೆ. ಕೋಶ ಕಳಚಿ ಬಿದ್ದರೆ ಒರಟು ಬಟ್ಟೆಯ ಮೇಲೆ, ಗೋಡೆಗೆ ಒತ್ತಿದಂತೆ ಮಲಗಿಸಿ. ಹೊರಬಂದ ಚಿಟ್ಟೆ ಅಲ್ಲಿಂದಲೇ ಹತ್ತಿಕೊಳ್ಳುತ್ತದೆ. ಚಿಟ್ಟೆ ಬಂದಾಗ ಸುರಿಯುವ ಕೆಂಪು ಅಥವಾ ಕಂದು ದ್ರವ ರಕ್ತವಲ್ಲ, ಕೋಶದಲ್ಲಿದ್ದಾಗ ಕೂಡಿಟ್ಟ ತ್ಯಾಜ್ಯ. ಕೋಶವನ್ನು ಉಗುರಿನಿಂದ ಬಿಡಿಸಿ ‘ಸಹಾಯ’ ಮಾಡಲು ಮಾತ್ರ ಹೋಗಬೇಡಿ. ಕೋಶದಲ್ಲಿ ಸಣ್ಣ ದುಂಡು ತೂತು ಬಿದ್ದು ಚಿಟ್ಟೆ ಬಾರದೇ ಹೋದರೆ, ಪರಾವಲಂಬಿ ಕಣಜ ಒಳಗೆ ಬೆಳೆದು ಹೊರಟುಹೋಗಿದೆ. ಅದಕ್ಕೆ ನಿಮ್ಮ ಆರೈಕೆ ಕಾರಣವಲ್ಲ. ಹುಳು ಗಿಡದಲ್ಲಿದ್ದಾಗಲೇ ಕಣಜ ಮೊಟ್ಟೆಯಿಟ್ಟಿರುವುದು ಸಾಮಾನ್ಯ.

ಪ್ರಶ್ನೆ: ಕೋಶದೊಳಗೆ ಹುಳು ಪೂರ್ತಿ ಕರಗಿ ದ್ರವವಾಗುತ್ತದೆಯಂತೆ. ಹಾಗಾದರೆ ಹೊರಬರುವುದು ಅದೇ ಜೀವವೇ?

ಉತ್ತರ: ಅದೇ ಜೀವ. ‘ಪೂರ್ತಿ ಕರಗುತ್ತದೆ’ ಎಂಬುದು ಅರ್ಧ ಸತ್ಯ. ಎಲೆ ಅಗಿಯಲು, ತೆವಳಲು ಬೇಕಾಗಿದ್ದ ಸ್ನಾಯುಗಳು ಮತ್ತು ಕರುಳಿನ ಬಹುಭಾಗ ಒಡೆದು ಹೊಸ ಅಂಗಗಳಿಗೆ ಕಚ್ಚಾವಸ್ತುವಾಗುತ್ತವೆ. ಉಸಿರುನಳಿಗೆಗಳು, ಹೃದಯದ ಕೊಳವೆ, ಮಿದುಳು ಮಾರ್ಪಾಡಾದರೂ ಉಳಿಯುತ್ತವೆ. 2013ರಲ್ಲಿ ಜೀವಂತ ಚಿಟ್ಟೆಕೋಶಗಳನ್ನೇ ದಿನದಿನವೂ ಎಕ್ಸ್‌ರೇ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ, ಉಸಿರುನಳಿಗೆಗಳ ಜಾಲ ಆರಂಭದ ದಿನಗಳಲ್ಲೇ ಸ್ಪಷ್ಟವಾಗಿ ಕಂಡಿತ್ತು.

ಹೊಸ ಅಂಗಗಳೂ ಶೂನ್ಯದಿಂದ ಹುಟ್ಟುವುದಿಲ್ಲ. ರೆಕ್ಕೆಯಾಗಬೇಕಾದ ಜೀವಕೋಶಗಳ ಪುಟ್ಟ ಮೊಗ್ಗುಗಳು ಹುಳುವಿನ ಮೈಯಲ್ಲೇ ಮಡಿಸಿಟ್ಟಂತೆ ಇರುತ್ತವೆ. ಇವುಗಳಿಗೆ ಇಮ್ಯಾಜಿನಲ್ ಡಿಸ್ಕ್ ಎಂದು ಹೆಸರು. ಹಣ್ಣುನೊಣದ ಮರಿಹುಳುವಿನಲ್ಲಿ ಇಂಥವು 19 ಇವೆ: ರೆಕ್ಕೆ, ಕಾಲು, ಕಣ್ಣು ಇತ್ಯಾದಿಗಳಿಗೆ ಒಂಬತ್ತು ಜೋಡಿ, ಜನನಾಂಗಕ್ಕೆ ಒಂದು.

ನೆನಪಿನ ವಿಷಯ ಇನ್ನೂ ಸೊಗಸು. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತಂಬಾಕಿನ ಹಾಕ್ ಪತಂಗದ ಹುಳುಗಳಿಗೆ ಒಂದು ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟರು. ಐದನೇ ಹಂತದಲ್ಲಿ ಪಾಠ ಕಲಿತ ಹುಳುಗಳಲ್ಲಿ ಬಹುಪಾಲು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಸರಿದವು. ಮೂರನೇ ಹಂತದಲ್ಲಿ ಕಲಿತವಕ್ಕೆ ಪತಂಗವಾಗುವಷ್ಟರಲ್ಲಿ ಅದು ಮರೆತಿತ್ತು. ಮಿದುಳಿನಲ್ಲಿ ತಡವಾಗಿ ರೂಪುಗೊಂಡ ನರಕೋಶಗಳು ರೂಪಾಂತರವನ್ನು ದಾಟಿ ಉಳಿದದ್ದು ಇದಕ್ಕೆ ಕಾರಣವಿರಬಹುದು ಎಂದು ಆ ಸಂಶೋಧಕರು ವಿವರಿಸಿದರು.

ಪ್ರಶ್ನೆ: ಈ ಸಲ ಬರೀ ಪೊರೆ ಬಿಡಬೇಕೋ ಕೋಶವಾಗಬೇಕೋ ಎಂದು ನಿರ್ಧರಿಸುವುದು ಯಾವುದು?

ಉತ್ತರ: ಎರಡು ಹಾರ್ಮೋನುಗಳು. ಎಕ್ಡೈಸೋನ್ ‘ಪೊರೆ ಬಿಡು’ ಎನ್ನುತ್ತದೆ. ಮಿದುಳಿನ ಹಿಂಬದಿಯ ಪುಟ್ಟ ಗ್ರಂಥಿಗಳಿಂದ ಬರುವ ಜುವೆನೈಲ್ ಹಾರ್ಮೋನ್ ‘ಇನ್ನೂ ಮರಿಯಾಗಿಯೇ ಇರು’ ಎನ್ನುತ್ತದೆ. ಎರಡನೆಯದು ರಕ್ತದಲ್ಲಿ ಸಾಕಷ್ಟಿದ್ದರೆ ಹುಳು ಇನ್ನೊಂದು ದೊಡ್ಡ ಹುಳುವಾಗುತ್ತದೆ. ಕೊನೆಯ ಹಂತದಲ್ಲಿ ಅದು ಇಳಿದುಹೋದಾಗ ಕೋಶವಾಗುತ್ತದೆ. ಜರ್ಮನಿಯ ವಿಜ್ಞಾನಿಗಳಾದ ಬುಟೆನಾಂಟ್ ಮತ್ತು ಕಾರ್ಲ್ಸನ್ 1954ರಲ್ಲಿ ಸುಮಾರು 500 ಕಿಲೋ ರೇಷ್ಮೆಕೋಶದಿಂದ ಎಕ್ಡೈಸೋನ್ ಬೇರ್ಪಡಿಸಿದಾಗ ಸಿಕ್ಕಿದ್ದು ಬರೀ 25 ಮಿಲಿಗ್ರಾಂ. ಅಷ್ಟು ಕಡಿಮೆ ಪ್ರಮಾಣದಲ್ಲೇ ಇಡೀ ದೇಹದ ನಕ್ಷೆ ಬದಲಾಗುತ್ತದೆ!

ಸೊಳ್ಳೆ ನಿಯಂತ್ರಣಕ್ಕೂ ಇದು ಉಪಯೋಗಕ್ಕೆ ಬಂದಿದೆ. ಮೆಥೊಪ್ರೀನ್ ಎಂಬ ಔಷಧಿ ಜುವೆನೈಲ್ ಹಾರ್ಮೋನನ್ನೇ ಅನುಕರಿಸುತ್ತದೆ. ಅದು ಬಿದ್ದ ನೀರಿನಲ್ಲಿ ಸೊಳ್ಳೆಮರಿ ಕೂಡಲೇ ಸಾಯುವುದಿಲ್ಲ, ಕೋಶವೂ ಆಗಬಹುದು, ಆದರೆ ಹಾರುವ ಸೊಳ್ಳೆ ಹೊರಬರುವುದಿಲ್ಲ. ಮರುದಿನ ಮರಿಗಳು ಈಜಾಡುವುದನ್ನು ಕಂಡು ಔಷಧಿ ಕೆಲಸ ಮಾಡಿಲ್ಲ ಎಂದುಕೊಳ್ಳುವುದು ತಪ್ಪು. ಬಿ.ಟಿ.ಐ. ಬ್ಯಾಕ್ಟೀರಿಯಾ ಪುಡಿಯ ಕಥೆ ಬೇರೆ: ಮರಿ ಅದನ್ನು ತಿಂದರಷ್ಟೇ ಸಾಯುತ್ತದೆ. ಸೊಳ್ಳೆಯ ಕೋಶ ಏನನ್ನೂ ತಿನ್ನುವುದಿಲ್ಲವಾದ್ದರಿಂದ, ಅಲ್ಪವಿರಾಮದ ಆಕಾರದ ಕೋಶಗಳು ನೀರಿನಲ್ಲಿ ಕಾಣತೊಡಗಿದ ಮೇಲೆ ಆ ಪುಡಿಯಿಂದ ಅವಕ್ಕೇನೂ ಆಗದು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆ ಉಜ್ಜಿ ಎನ್ನುವುದು ಇದೇ ಲೆಕ್ಕದ ಮೇಲೆ.

ಪ್ರಶ್ನೆ: ಸಣ್ಣ ನೊಣ ಬೆಳೆದು ದೊಡ್ಡ ನೊಣ ಆಗುತ್ತದೆಯೇ?

ಉತ್ತರ: ಇಲ್ಲ. ಬೆಳೆಯುವ ಕೆಲಸವೆಲ್ಲ ಮರಿಹುಳುವಿನದು. ರೆಕ್ಕೆ ಬಂದ ಮೇಲೆ ಪೊರೆ ಬಿಡಿಸುವ ಗ್ರಂಥಿಯೇ ನಶಿಸುತ್ತದೆ, ಗಾತ್ರ ಅಲ್ಲಿಗೆ ನಿಂತಿತು. ನಿಮಗೆ ಕಂಡ ಸಣ್ಣ ನೊಣ ಬೇರೆ ಜಾತಿಯದು, ಇಲ್ಲವೇ ಮರಿಯಾಗಿದ್ದಾಗ ಹೊಟ್ಟೆಗೆ ಸಾಲದೆ ಹೋದದ್ದು. ರೆಕ್ಕೆ ಬಂದ ಮೇಲೂ ಒಮ್ಮೆ ಪೊರೆ ಬಿಡುವುದು ಮೇಫ್ಲೈ ಎಂಬ ಕೀಟಗಳ ಗುಂಪು ಮಾತ್ರ.

ಪ್ರಶ್ನೆ: ಬಚ್ಚಲಲ್ಲಿ ಹಾಲಿನಂತೆ ಬಿಳಿಯಾದ ಜಿರಲೆ ಕಂಡೆ. ಇದು ಬೇರೆ ಜಾತಿಯೇ?

ಉತ್ತರ: ಅದೇ ಮಾಮೂಲಿ ಜಿರಲೆ, ಆಗತಾನೇ ಪೊರೆ ಬಿಟ್ಟದ್ದು. ಕೆಲವೇ ಗಂಟೆಗಳಲ್ಲಿ ಮೈ ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಜಿರಲೆ, ಮಿಡತೆ, ತಿಗಣೆಗಳಿಗೆ ಕೋಶದ ಹಂತವೇ ಇಲ್ಲ. ಮರಿ ದೊಡ್ಡದರಂತೆಯೇ ಇದ್ದು, ಒಂದೊಂದೇ ಪೊರೆ ಕಳಚುತ್ತ ಬೆಳೆಯುತ್ತದೆ. ಬಿಳಿ ಜಿರಲೆ ಕಂಡರೆ ಸುತ್ತಮುತ್ತ ಮರಿಗಳು ಬೆಳೆಯುತ್ತಿರುವ ಸಂಭವ ಹೆಚ್ಚು. ಹತ್ತಿರದ ಬಿರುಕುಗಳಲ್ಲಿ ಖಾಲಿ ಪೊರೆ ಬಿದ್ದಿದೆಯೇ ನೋಡಿ, ಅಡಗುತಾಣ ಅಲ್ಲೇ ಇರುತ್ತದೆ.